ಚೌರಂಗಿಯ ಪಿಯಾನೊ ದೊರೆ

1926ರ ಮೇ 28ರಂದು ಶಿಕಾಗೊ ನಗರದಲ್ಲಿ ಅರ್‌ಸ್ಕಿನ್ ಟೇಟ್ ಎಂಬಾತನ ವಾದ್ಯವೃಂದ ಒಂದು ಗ್ರಾಮಫೋನ್ ಪ್ಲೇಟಿಗಾಗಿ ಎರಡು ಹಾಡು ನುಡಿಸಿತು. ಒಂದು ಮಗ್ಗುಲಿಗೆ ‘ಸ್ಟ್ಯಾಟಿಕ್ ಸ್ಟ್ರಟ್’, ಇನ್ನೊಂದಕ್ಕೆ ‘ಸ್ಟಾಂಪ್ ಆಫ್, ಲೆಟ್ಸ್ ಗೋ’. ಎರಡೂ ಸೇರಿ ಆರು ನಿಮಿಷದ ಆಸುಪಾಸು. ಜಾಝ್ ಕೇಳುವವರು ಈ ಪ್ಲೇಟನ್ನು ಇವತ್ತಿಗೂ ಹುಡುಕುವುದು ಅದರಲ್ಲಿ ಟ್ರಂಪೆಟ್ ಊದಿರುವ 24ರ ತರುಣನಿಗಾಗಿ. ಅವನು ಲೂಯಿ ಆರ್ಮ್‌ಸ್ಟ್ರಾಂಗ್. ಅವನು ಟ್ರಂಪೆಟ್ ತುಟಿಗಿಟ್ಟುಕೊಂಡ ಯಾವ ಪ್ಲೇಟಿನಲ್ಲೂ ಉಳಿದವರೆಲ್ಲ ಪಕ್ಕವಾದ್ಯದವರಾಗಿಬಿಡುತ್ತಾರೆ. ಆದರೆ ಈ ಪ್ಲೇಟಿನಲ್ಲಿ ಒಂದು ಕಡೆ ಪಿಯಾನೊ ಒಬ್ಬಂಟಿಯಾಗಿ ಮುಂದೆ ಬರುತ್ತದೆ. ಎಡಗೈ ದಡದಡ ನಡೆಯುತ್ತದೆ, ಬಲಗೈ ಅದರ ಮೇಲೆ ಲಾಗ ಹಾಕುತ್ತದೆ. ಕೆಲವು ಕ್ಷಣಗಳ ಮಟ್ಟಿಗೆ ಆರ್ಮ್‌ಸ್ಟ್ರಾಂಗ್ ಅಲ್ಲಿದ್ದಾನೆಂಬುದೇ ಮರೆತುಹೋಗುತ್ತದೆ.

ಆ ಪಿಯಾನೊ ಮುಂದೆ ಕುಳಿತಿದ್ದವನು 22 ವರ್ಷದ ಟೆಡ್ಡಿ ವೆದರ್‌ಫೋರ್ಡ್. ಅದೇ ವರ್ಷ ಅವನು ಶಿಕಾಗೊ ಬಿಟ್ಟು ಶಾಂಘಾಯಿಗೆ ಹೊರಟ. ಆಮೇಲೆ ಅಮೆರಿಕದಲ್ಲಿ ನೆಲೆಯೂರಲೇ ಇಲ್ಲ. ಹತ್ತೊಂಬತ್ತು ವರ್ಷಗಳ ನಂತರ ಕಲ್ಕತ್ತಾದಲ್ಲಿ ಸತ್ತ.

ಜಾಝ್ ಚರಿತ್ರೆಯ ದಪ್ಪ ಪುಸ್ತಕಗಳಲ್ಲಿ ಅವನಿಗೆ ಸಿಗುವುದು ಹೆಚ್ಚೆಂದರೆ ಒಂದು ವಾಕ್ಯ. ಆ ಒಂದು ವಾಕ್ಯ ಕೂಡ ಸಾಮಾನ್ಯವಾಗಿ ಇನ್ನೊಬ್ಬನ ಬಗ್ಗೆ ಹೇಳುವಾಗ ಬಂದದ್ದು: ಅರ್ಲ್ ಹೈನ್ಸ್ ಪಿಟ್ಸ್‌ಬರ್ಗಿನಿಂದ ಶಿಕಾಗೊಕ್ಕೆ ಬಂದಾಗ ಅಲ್ಲಿ ಹೆಸರು ಮಾಡಿದ್ದ ಪಿಯಾನೊವಾದಕ ವೆದರ್‌ಫೋರ್ಡ್, ಎಂದು. ಇದೇ ಹೈನ್ಸ್ 1928ರಲ್ಲಿ ಆರ್ಮ್‌ಸ್ಟ್ರಾಂಗನ ಜೊತೆ ‘ವೆಸ್ಟ್ ಎಂಡ್ ಬ್ಲೂಸ್’, ‘ವೆದರ್ ಬರ್ಡ್’ ಮುದ್ರಿಸಿ ಜಾಝ್ ಪಿಯಾನೊದ ದಿಕ್ಕನ್ನೇ ತಿರುಗಿಸಿದ. ಟೆಡ್ಡಿ ಎದ್ದುಹೋದ ಕುರ್ಚಿಯಲ್ಲಿ ಹೈನ್ಸ್ ಕುಳಿತ ಎಂದರೆ ಅತಿಯಾದೀತು. ಕುರ್ಚಿ ಖಾಲಿಯಾಗಿತ್ತು ಎಂಬುದಂತೂ ನಿಜ.

ಟೆಡ್ಡಿ ಹುಟ್ಟಿದ್ದು 1903ರ ಅಕ್ಟೋಬರ್‌ನಲ್ಲಿ, ವರ್ಜೀನಿಯಾದ ಪೊಕಾಹಾಂಟಸ್ ಎಂಬ ಕಲ್ಲಿದ್ದಲ ಗಣಿ ಊರಿನಲ್ಲಿ. ಹನ್ನೆರಡರ ಪ್ರಾಯಕ್ಕೆ ನ್ಯೂ ಆರ್ಲಿಯನ್ಸ್ ಸೇರಿದ, ಪಿಯಾನೊ ಕಲಿತದ್ದು ಅಲ್ಲಿ. ಕಲಿಯಲು ಅದಕ್ಕಿಂತ ಒಳ್ಳೆಯ ಊರು ಇನ್ನೊಂದಿರಲಿಲ್ಲ. ಕಲಿತದ್ದರಿಂದ ಹೊಟ್ಟೆ ಹೊರೆಯಲು ಮಾತ್ರ ಆ ಊರು ಕ್ರಮೇಣ ಸಾಲದಾಗುತ್ತಿತ್ತು. 1917ರಲ್ಲಿ ನೌಕಾಪಡೆಯ ಒತ್ತಾಯಕ್ಕೆ ಅಲ್ಲಿನ ಸ್ಟೋರಿವಿಲ್ ಎಂಬ ವೇಶ್ಯಾವಾಟಿಕೆ ಮುಚ್ಚಿತು. ಅಲ್ಲಿನ ಮನೆಗಳಲ್ಲಿ ಪಿಯಾನೊ ನುಡಿಸಿ ಬದುಕುತ್ತಿದ್ದವರ ಕೆಲಸವೂ ಅದರೊಂದಿಗೆ ಹೋಯಿತು. ದಕ್ಷಿಣದ ಹತ್ತಿಹೊಲಗಳಿಂದ ಕರಿಯ ಜನ ಸಾವಿರ ಸಾವಿರವಾಗಿ ರೈಲು ಹತ್ತಿ ಉತ್ತರದ ಕಾರ್ಖಾನೆಗಳಿಗೆ ಹೋಗುತ್ತಿದ್ದ ಕಾಲ ಅದು. ಅವರ ಬೆನ್ನಿಗೇ ಅವರ ಸಂಗೀತಗಾರರೂ ಹೋದರು. 1922ರಲ್ಲಿ ಆರ್ಮ್‌ಸ್ಟ್ರಾಂಗ್ ಹೀಗೆಯೇ ಶಿಕಾಗೊಕ್ಕೆ ಬಂದಿಳಿದ. ಟೆಡ್ಡಿ ಹಿಡಿದದ್ದೂ ಅದೇ ದಾರಿ.

ಶಿಕಾಗೊದ ಸ್ಟೇಟ್ ಸ್ಟ್ರೀಟಿನ ವೆಂಡೋಮ್ ಚಿತ್ರಮಂದಿರದಲ್ಲಿ ಟೇಟ್‌ನ ವೃಂದಕ್ಕೆ ಕಾಯಂ ಕೆಲಸ. ಮೂಕಿ ಚಿತ್ರಗಳ ದಿನಗಳು. ಪರದೆಯ ಮೇಲೆ ನಾಯಕಿ ಅತ್ತರೆ ಪಿಟೀಲು ಅಳಬೇಕು, ಕುದುರೆ ಓಡಿದರೆ ಡ್ರಮ್ ಓಡಬೇಕು. ಚಿತ್ರಗಳ ನಡುವೆ ಯುರೋಪಿನ ಆಪೆರಾಗಳ ತುಣುಕು. ಅದಾದ ಮೇಲೆ ಜನ ನಿಜವಾಗಿ ಕಾದಿರುತ್ತಿದ್ದ ಜಾಝ್. ಹಾಗಾಗಿ ವೆಂಡೋಮಿನಲ್ಲಿ ಕೂರುವವನಿಗೆ ಸ್ವರಲಿಪಿ ನೋಡಿದೊಡನೆ ನುಡಿಸುವ ವಿದ್ಯೆಯೂ ಬೇಕು, ಲಿಪಿ ಮಡಿಚಿಟ್ಟು ಮನೋಧರ್ಮದಿಂದ ನುಡಿಸುವ ಎದೆಗಾರಿಕೆಯೂ ಬೇಕು.

ಅಂದಿನ ಜಾಝ್ ಪಿಯಾನೊದ ಕಷ್ಟವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸ್ಟ್ರೈಡ್ ಎಂಬ ಶೈಲಿಯಲ್ಲಿ ಎಡಗೈಗೆ ವಿಶ್ರಾಂತಿಯಿಲ್ಲ. ಮೊದಲ ಮಾತ್ರೆಗೆ ಮಂದ್ರದ ಆಳದಲ್ಲಿ ಒಂದು ಸ್ವರ, ಮರುಮಾತ್ರೆಗೆ ಎರಡು ಗೇಣು ಆಚೆ ನಡುಭಾಗದಲ್ಲಿ ಮೂರು ನಾಲ್ಕು ಸ್ವರಗಳ ಗೊಂಚಲು, ಮತ್ತೆ ಆಳಕ್ಕೆ. ಕಣ್ಣು ಹಾಯಿಸಲು ಸಮಯವಿಲ್ಲ, ಕೈಗೇ ದೂರ ಗೊತ್ತಿರಬೇಕು. ಇದರ ಮೇಲೆ ಬಲಗೈ ಹಾಡನ್ನು ಹೇಳಬೇಕು, ಒಡೆಯಬೇಕು, ಮತ್ತೆ ಜೋಡಿಸಬೇಕು. ಮೃದಂಗವೂ ಅವನೇ, ಹಾಡುಗಾರನೂ ಅವನೇ. ಮೈಕು ನೆಚ್ಚಿ ಕೂರುವ ಕಾಲವೂ ಅದಲ್ಲ. ಹತ್ತಾರು ವಾದ್ಯಗಳ ನಡುವೆ ಪಿಯಾನೊ ಕೇಳಿಸಬೇಕೆಂದರೆ ತೋಳಿನಲ್ಲಿ ಕಸುವಿರಬೇಕಿತ್ತು. ಟೆಡ್ಡಿ ಭಾರಿ ಆಳು. ಆ ಪ್ಲೇಟಿನಲ್ಲಿ ಅವನ ತೂಕ ಕೇಳಿಸುತ್ತದೆ.

ಜ್ಯಾಕ್ ಕಾರ್ಟರ್ ಎಂಬ ಡ್ರಮ್ ವಾದಕ ಶಾಂಘಾಯಿಯ ಹೋಟೆಲಿಗಾಗಿ ತಂಡ ಕಟ್ಟುತ್ತಿದ್ದ. ಟೆಡ್ಡಿ ಅದರಲ್ಲಿ ಸೇರಿಕೊಂಡ. ಟ್ರಂಪೆಟ್ ನುಡಿಸುತ್ತಲೂ ಹಾಡುತ್ತಲೂ ಇದ್ದ ವಲೈಡಾ ಸ್ನೋ ಕೂಡ ಆ ತಂಡದಲ್ಲಿದ್ದಳು. ಶಾಂಘಾಯಿಯಲ್ಲಿ ಆಗ ಬ್ರಿಟಿಷರು ಅಮೆರಿಕನ್ನರು ಆಳುವ ಅಂತರರಾಷ್ಟ್ರೀಯ ವಸಾಹತು ಒಂದು ಕಡೆ, ಫ್ರೆಂಚರ ಪ್ರದೇಶ ಇನ್ನೊಂದು ಕಡೆ. ಇವರ ಮೇಲೆ ಚೀನಾದ ಕಾನೂನು ನಡೆಯುತ್ತಿರಲಿಲ್ಲ. ಅಮೆರಿಕದಲ್ಲಿ ಮದ್ಯ ನಿಷೇಧ ಜಾರಿಯಲ್ಲಿದ್ದಾಗ ಇಲ್ಲಿ ಶಾಂಪೇನು ಹರಿಯುತ್ತಿತ್ತು. ಅಫೀಮು, ಜೂಜು, ಬೇಟೆನಾಯಿ ಓಟ, ಬೆಳಗಿನ ಜಾವದವರೆಗೆ ಕುಣಿತ. ಕುಣಿತಕ್ಕೆ ಸಂಗೀತ ಬೇಕು. ‘ಅಸಲಿ’ ಕರಿಯ ಅಮೆರಿಕನ್ನರು ನುಡಿಸುತ್ತಾರೆಂದರೆ ಹೋಟೆಲಿಗೆ ಅದೇ ಜಾಹೀರಾತು.

1933ರಲ್ಲಿ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಸೋವಿಯತ್ ರಷ್ಯಾದಿಂದ ಜಪಾನಿನ ಮೂಲಕ ಹೊರಟವನು ಶಾಂಘಾಯಿಗೆ ಬಂದು ಟೆಡ್ಡಿಯನ್ನು ಕಂಡ. ತನ್ನ ಆತ್ಮಕಥೆಯ ಎರಡನೇ ಸಂಪುಟದಲ್ಲಿ ಅವನ ಚಿತ್ರ ಬಿಡಿಸಿದ್ದಾನೆ: ದೊಡ್ಡ ದೇಹ, ಕಪ್ಪು ಬಣ್ಣ, ನಗುಮೊಗ, ಒಂದಿಷ್ಟು ವಿದೂಷಕತನ, ಏಷ್ಯಾದ ಉದ್ದಗಲಕ್ಕೂ ನಂಟು. ಮರುವರ್ಷ ಟೆಡ್ಡಿ ಸ್ವಲ್ಪ ಕಾಲ ಅಮೆರಿಕಕ್ಕೆ ಹೋಗಿಬಂದ, ಅದೂ ಕೆಲಸದ ಮೇಲೆ. ಲಾಸ್ ಏಂಜಲೀಸಿನಲ್ಲಿದ್ದ ಟ್ರಂಪೆಟ್ ವಾದಕ ಬಕ್ ಕ್ಲೇಟನ್‌ನ ಇಡೀ ತಂಡವನ್ನು ಶಾಂಘಾಯಿಯ ಕ್ಯಾನಿಡ್ರೋಮ್ ನೃತ್ಯಶಾಲೆಗೆ ಗೊತ್ತುಮಾಡಿ ಕರೆತಂದ. ಕ್ಲೇಟನ್ ಮುಂದೆ ಬರೆದುಕೊಂಡಂತೆ ಟೆಡ್ಡಿಗೆ ಆಗ ಒಂದೇ ರಾತ್ರಿ ನಾಲ್ಕು ಕ್ಲಬ್ಬುಗಳಲ್ಲಿ ಕಾರ್ಯಕ್ರಮ. ಒಂದು ಕಡೆ ಸ್ವಲ್ಪ ಹೊತ್ತು ನುಡಿಸಿ, ಚಪ್ಪಾಳೆ ಮುಗಿಯುವ ಮೊದಲೇ ಇನ್ನೊಂದಕ್ಕೆ ಸವಾರಿ.

ಆದರೆ ಬಣ್ಣದ ಕಾಟ ಸಮುದ್ರ ದಾಟಿಯೂ ಬಂದಿತ್ತು. ಕ್ಯಾನಿಡ್ರೋಮಿನಲ್ಲಿ ಒಬ್ಬ ಬಿಳಿಯ ಅಮೆರಿಕನ್ ಕ್ಲೇಟನ್ ಮೇಲೆ ಕೈಮಾಡಿದ. ಹೊಡೆದಾಟವಾಯಿತು. ಕೆಲಸ ಹೋದದ್ದು ಕ್ಲೇಟನ್ ತಂಡದ್ದು. ಕ್ಲೇಟನ್ ತಾಯ್ನಾಡಿಗೆ ಮರಳಿ ಕೌಂಟ್ ಬೇಸಿಯ ವೃಂದ ಸೇರಿ ಚರಿತ್ರೆಯ ಪುಟ ಹೊಕ್ಕ. ಟೆಡ್ಡಿ ಇನ್ನಷ್ಟು ಪಶ್ಚಿಮಕ್ಕೆ ತಿರುಗಿದ. ಅಂದರೆ ನಮ್ಮ ಕಡೆಗೆ.

ಬೊಂಬಾಯಿಯ ತಾಜ್‌ಮಹಲ್ ಹೋಟೆಲ್ ತೆರೆದದ್ದು 1903ರ ಡಿಸೆಂಬರ್‌ನಲ್ಲಿ. ಟೆಡ್ಡಿಗಿಂತ ಎರಡು ತಿಂಗಳು ಕಿರಿದು. 1935ರ ಚಳಿಗಾಲದಲ್ಲಿ ಪಿಟೀಲುವಾದಕ ಲಿಯಾನ್ ಆ್ಯಬಿಯ ಕರಿಯರ ತಂಡ ಅಲ್ಲಿ ನುಡಿಸಿ ಹೋದ ಮೇಲೆ ಊರಿನ ಸಿರಿವಂತರಿಗೆ ಅದರ ರುಚಿ ಹತ್ತಿತು. ಮರುವರ್ಷ ಬಂದ ತಂಡಕ್ಕೆ ಕ್ರಿಕೆಟ್ ಸ್ಮಿತ್ ನಾಯಕ. ಮೊದಲ ಮಹಾಯುದ್ಧಕ್ಕೂ ಮೊದಲೇ ನ್ಯೂಯಾರ್ಕಿನಲ್ಲಿ ಜೇಮ್ಸ್ ರೀಸ್ ಯುರೋಪ್‌ನ ವೃಂದದಲ್ಲಿ ಊದಿದ್ದ ಹಿರಿಯ. ಕ್ಲಾರಿನೆಟ್ಟಿಗೆ ರೂಡಿ ಜ್ಯಾಕ್ಸನ್, ಒಂದು ಕಾಲದಲ್ಲಿ ಡ್ಯೂಕ್ ಎಲಿಂಗ್ಟನ್‌ನ ಜೊತೆಗಿದ್ದವನು. ಪಿಯಾನೊಗೆ ಟೆಡ್ಡಿ. ಇವರು ಆಗ ಬೊಂಬಾಯಿಯಲ್ಲಿ ಮುದ್ರಿಸಿದ ಪ್ಲೇಟುಗಳಲ್ಲಿ ‘ತಾಜ್‌ಮಹಲ್’ ಎಂಬ ಫಾಕ್ಸ್‌ಟ್ರಾಟ್ ಒಂದಿದೆ. ಅದನ್ನು ರಚಿಸಿದ್ದು ಮೀನಾ ಸೈಲಸ್ ಎಂಬ ಬಾಗ್ದಾದಿ ಯಹೂದಿ ಮನೆತನದವರು. ಅಮೆರಿಕದ ಕರಿಯರು, ಇರಾಕಿನಿಂದ ಬಂದ ಯಹೂದಿಗಳು, ಪಾರ್ಸಿ ಹೋಟೆಲು, ಇಂಗ್ಲಿಷ್ ಕಂಪನಿಯ ಮೊಹರು. ಬೊಂಬಾಯಿ ಎಂದರೆ ಅದೇ ತಾನೆ.

ಇಲ್ಲಿ ಒಂದು ವಿಚಿತ್ರವಿದೆ. ನ್ಯೂಯಾರ್ಕಿನ ಕಾಟನ್ ಕ್ಲಬ್ಬಿನಲ್ಲಿ ಕರಿಯರು ವೇದಿಕೆಯ ಮೇಲೆ ಕುಣಿಯಬಹುದಿತ್ತು, ಎದುರಿನ ಮೇಜಿಗೆ ಕೂತು ಊಟ ಮಾಡುವಂತಿರಲಿಲ್ಲ. ಬೊಂಬಾಯಿಯ ಬಿಳಿಯರ ಜಿಮ್‌ಖಾನಾದಲ್ಲಿ ಭಾರತೀಯರಿಗೆ ಸದಸ್ಯತ್ವವಿರಲಿಲ್ಲ. ತಾಜ್‌ನಲ್ಲಿ ಈ ಎರಡು ಅವಮಾನಗಳಿಗೂ ಅಷ್ಟಾಗಿ ಜಾಗವಿರಲಿಲ್ಲ. ಮಹಾರಾಜರು, ಪಾರ್ಸಿ ಗಿರಣಿ ಮಾಲೀಕರು, ಬಿಳಿಯ ಅಧಿಕಾರಿಗಳು ಒಂದೇ ನೆಲದ ಮೇಲೆ ಕುಣಿದರು; ಕುಣಿಸುತ್ತಿದ್ದವನು ವರ್ಜೀನಿಯಾದ ಗಣಿ ಊರಿನವನು. ಇದನ್ನು ಸಮಾನತೆ ಎಂದು ಕರೆಯಲು ನನಗೆ ಮನಸ್ಸಿಲ್ಲ. ಕಿಸೆಯಲ್ಲಿ ಹಣವಿದ್ದವರ ನಡುವಿನ ಹೊಂದಾಣಿಕೆ ಅದು. ಆದರೂ ತನ್ನ ಊರಿನಲ್ಲಿ ಬಸ್ಸಿನ ಹಿಂದಿನ ಸೀಟಿಗೆ ದೂಡಿಸಿಕೊಳ್ಳುತ್ತಿದ್ದವನಿಗೆ ಇಲ್ಲಿ ಆಳುಕಾಳು ಇದ್ದರು, ಎಲ್ಲ ಕಡೆ ನಮಸ್ಕಾರವಿತ್ತು. ಮರಳಿ ಹೋಗದಿದ್ದುದರಲ್ಲಿ ಆಶ್ಚರ್ಯವೇನಿದೆ?

ತಾಜ್ ತಂಡಗಳಲ್ಲಿ ಅಮೆರಿಕನ್ನರ ಪಕ್ಕದಲ್ಲೇ ಗೋವೆಯ ಹುಡುಗರು ಕೂತಿರುತ್ತಿದ್ದರು. ಪೋರ್ಚುಗೀಸರ ಗೋವೆಯಲ್ಲಿ ಚರ್ಚಿಗೆ ಸೇರಿದ ಶಾಲೆಗಳು ಮಕ್ಕಳಿಗೆ ಪಿಟೀಲನ್ನೂ ಸ್ವರಲಿಪಿಯನ್ನೂ ಕಲಿಸುತ್ತಿದ್ದವು. ಕಲಿತವರಿಗೆ ಊರಿನಲ್ಲಿ ಹೊಟ್ಟೆಪಾಡಿಲ್ಲ. ಹಾಗಾಗಿ ಸೈನ್ಯದ ಬ್ಯಾಂಡು, ಹಡಗಿನ ಬ್ಯಾಂಡು, ಸಂಸ್ಥಾನಗಳ ಬ್ಯಾಂಡು, ಮೂಕಿ ಚಿತ್ರಗಳ ಪಿಟೀಲು, ಎಲ್ಲ ಕಡೆ ಇವರೇ. ಲಿಪಿಯನ್ನು ತಪ್ಪಿಲ್ಲದೆ ಓದುತ್ತಿದ್ದರು, ಆದರೆ ಲಿಪಿ ಬಿಟ್ಟು ನುಡಿಸುವುದು ಅವರ ಶಿಕ್ಷಣದಲ್ಲಿ ಇರಲಿಲ್ಲ. ಕುರ್ಚೋರೆಮಿನ ಫ್ರ್ಯಾಂಕ್ ಫೆರ್ನಾಂಡ್ ಆ ಪಾಠ ಕಲಿತದ್ದು ಕ್ರಿಕೆಟ್ ಸ್ಮಿತ್ ಮತ್ತು ಟೆಡ್ಡಿ ವೆದರ್‌ಫೋರ್ಡ್ ಇವರ ಬಳಿ ಕೂತು. ಸ್ವರ ಬಗ್ಗಿಸುವುದು, ಮಾತ್ರೆಗೆ ಕೂದಲೆಳೆಯಷ್ಟು ಹಿಂದೆ ಬೀಳುವುದು, ಬರೆಯದೇ ಬಿಟ್ಟದ್ದನ್ನು ನುಡಿಸುವುದು. ಯಾವ ಚರ್ಚ್ ಶಾಲೆಯ ಮೇಷ್ಟರೂ ಇವನ್ನು ಹೇಳಿಕೊಟ್ಟಿರಲಾರರು.

1937ರ ಬೇಸಿಗೆಯಲ್ಲಿ ಟೆಡ್ಡಿ ಪ್ಯಾರಿಸಿಗೆ ಹೋದ. ಅಲ್ಲಿ ಆ ವರ್ಷ ಅಂತರರಾಷ್ಟ್ರೀಯ ಪ್ರದರ್ಶನ ನಡೆಯುತ್ತಿತ್ತು. ಯೂಗ್ ಪನಾಸಿಯೆ, ಶಾರ್ಲ್ ದಲೋನೆ ಎಂಬ ಇಬ್ಬರು ಜಾಝ್ ಹುಚ್ಚರು ಆಗಷ್ಟೇ ‘ಸ್ವಿಂಗ್’ ಎಂಬ ಕಂಪನಿ ತೆರೆದಿದ್ದರು. ಅದಕ್ಕಾಗಿ ಟೆಡ್ಡಿ ಕೆಲವು ಹಾಡುಗಳನ್ನು ಒಬ್ಬನೇ ನುಡಿಸಿದ: ‘ಟೀ ಫಾರ್ ಟೂ’, ‘ಮೈ ಬ್ಲೂ ಹೆವನ್’, ತನ್ನದೇ ರಚನೆ ‘ವೆದರ್ ಬೀಟನ್ ಬ್ಲೂಸ್’. ಕೈಚಳಕ ಎಲ್ಲೂ ಕಮ್ಮಿಯಾಗಿಲ್ಲ. ಎಡಗೈ ಈಗಲೂ ಗಡಿಯಾರ. ಆದರೆ ಇದೇ ‘ಟೀ ಫಾರ್ ಟೂ’ವನ್ನು ನಾಲ್ಕು ವರ್ಷ ಮೊದಲು ಆರ್ಟ್ ಟೇಟಮ್ ಎಂಬ ಹೆಚ್ಚುಕಡಿಮೆ ಕುರುಡನಾದ ಪಿಯಾನೊವಾದಕ ನ್ಯೂಯಾರ್ಕಿನಲ್ಲಿ ಮುದ್ರಿಸಿದ್ದ. ಎರಡನ್ನೂ ಒಂದಾದ ಮೇಲೊಂದು ಕೇಳಬೇಕು. ಟೇಟಮ್ ಹಾಡಿನ ಕೆಳಗಿನ ಸ್ವರಗೊಂಚಲುಗಳನ್ನೇ ಕಳಚಿ ಹೊಸದಾಗಿ ಕಟ್ಟುತ್ತಾನೆ. ಟೆಡ್ಡಿ ಇದ್ದ ಮನೆಯಲ್ಲೇ ಭರ್ಜರಿಯಾಗಿ ಓಡಾಡುತ್ತಾನೆ. 1926ರಲ್ಲಿ ಎಲ್ಲರಿಗಿಂತ ಮುಂದಿದ್ದ ನುಡಿಕಾರಿಕೆ ಹನ್ನೊಂದು ವರ್ಷದಲ್ಲಿ ಹೆಚ್ಚು ಕದಲಿಲ್ಲ. ಶಿಕಾಗೊದಲ್ಲೋ ಹಾರ್ಲೆಮಿನಲ್ಲೋ ಇದ್ದಿದ್ದರೆ ಪ್ರತಿ ರಾತ್ರಿ ಯಾರಾದರೊಬ್ಬ ಹೊಸ ಹುಡುಗ ಪಕ್ಕದ ಪಿಯಾನೊದಲ್ಲಿ ಕೂತು ಕೆಣಕುತ್ತಿದ್ದ. ಶಾಂಘಾಯಿಯಲ್ಲೂ ಬೊಂಬಾಯಿಯಲ್ಲೂ ಅವನನ್ನು ಕೆಣಕುವವರು ಇರಲಿಲ್ಲ. ದೊರೆತನದ ಬೆಲೆ ಅದು.

ಹಾಗೆಂದು ಉಳಿದವರೆಲ್ಲ ಉದ್ಧಾರವಾದರು ಎಂದೂ ಅಲ್ಲ. ಆರ್ಮ್‌ಸ್ಟ್ರಾಂಗನನ್ನು ಶಿಕಾಗೊಕ್ಕೆ ಕರೆಸಿಕೊಂಡ ಗುರು ಕಿಂಗ್ ಆಲಿವರ್, ಆರ್ಥಿಕ ಕುಸಿತದಲ್ಲಿ ತಂಡ ಕಳೆದುಕೊಂಡು, ಹಲ್ಲು ಕೆಟ್ಟು ಊದಲಾರದೆ, 1938ರಲ್ಲಿ ಜಾರ್ಜಿಯಾದ ಸವಾನಾದಲ್ಲಿ ಕಸ ಗುಡಿಸುವ ಕೆಲಸ ಮಾಡುತ್ತ ಸತ್ತ. ಅದೇ ವರ್ಷಗಳಲ್ಲಿ ಟೆಡ್ಡಿ ತಾಜ್‌ನ ಪಿಯಾನೊ ಮುಂದಿದ್ದ. ಕೊಲಂಬೊಗೂ ಹೋಗಿ ನುಡಿಸಿ ಬರುತ್ತಿದ್ದ.

ಕೊನೆಯ ನೆಲೆ ಕಲ್ಕತ್ತಾದ ಚೌರಂಗಿ ರಸ್ತೆಯ ಗ್ರ್ಯಾಂಡ್ ಹೋಟೆಲ್. ಇದಕ್ಕೂ ಒಂದು ಕಥೆಯಿದೆ. 1930ರ ದಶಕದಲ್ಲಿ ಹೋಟೆಲಿನಲ್ಲಿ ಸಾಂಕ್ರಾಮಿಕ ರೋಗ ತಗುಲಿ ಅತಿಥಿಗಳು ಸತ್ತರು, ಬಾಗಿಲು ಮುಚ್ಚಿತು. 1938ರಲ್ಲಿ ಮೋಹನ್ ಸಿಂಗ್ ಒಬೆರಾಯ್ ಅದನ್ನು ಗುತ್ತಿಗೆಗೆ ಪಡೆದು ಮತ್ತೆ ತೆರೆದರು. ಯುದ್ಧ ಬಂದಾಗ ಸಾವಿರಾರು ಸೈನಿಕರಿಗೆ ಅಲ್ಲಿ ವಸತಿಯಾಯಿತು, ಹೋಟೆಲು ಚೇತರಿಸಿಕೊಂಡಿತು.

1942ರ ಫೆಬ್ರವರಿಯಲ್ಲಿ ಸಿಂಗಾಪುರ ಬಿತ್ತು, ಮಾರ್ಚಿನಲ್ಲಿ ರಂಗೂನ್. ಬರ್ಮಾದಿಂದ ಓಡಿಬಂದ ಲಕ್ಷಾಂತರ ಜನರ ನಡುವೆ ಸಂಗೀತಗಾರರೂ ಇದ್ದರು. ಕ್ಲಾರಿನೆಟ್ ವಾದಕ ರೂಬೆನ್ ಸಾಲೊಮನ್, ಗಿಟಾರ್ ವಾದಕ ಸೆಡ್ರಿಕ್ ವೆಸ್ಟ್ ಹಾಗೆ ಬಂದವರು. ಟೆಡ್ಡಿಯ ಕಲ್ಕತ್ತಾ ತಂಡದಲ್ಲಿ ನುಡಿಸಿದರು. ದೇಶ ಕಳೆದುಕೊಂಡವರು, ದೇಶ ಬಿಟ್ಟವರು, ಆಂಗ್ಲೋ ಇಂಡಿಯನ್ನರು, ಗೋವನ್ನರು ಸೇರಿದ ತಂಡ ಅದು. ಕೊಲಂಬಿಯಾ ಕಂಪನಿಗಾಗಿ ಇವರು ಆಗ ಅನೇಕ ಪ್ಲೇಟು ಮುದ್ರಿಸಿದರು. ಬಹುಪಾಲು ಅಂದಿನ ಅಮೆರಿಕನ್ ಸಿನಿಮಾ ಹಾಡುಗಳು, ಸೈನಿಕರು ಕೇಳಿ ಬೇಡಿ ನುಡಿಸಿಕೊಂಡವು. ಟೆಡ್ಡಿ ಕೆಲವನ್ನು ಹಾಡಿಯೂ ಇದ್ದಾನೆ. ಕುಣಿಯಲು ಚೆನ್ನ. ಕೂತು ಕೇಳುವವನಿಗೆ ಅವನ ಬೆರಳು ಇಣುಕುವುದು ಅಲ್ಲೊಂದು ಇಲ್ಲೊಂದು ಸಾಲಿನಲ್ಲಿ ಮಾತ್ರ.

ಅದೇ ಚೌರಂಗಿಯ ಸುತ್ತಲ ಬಂಗಾಳ 1943ರ ಕ್ಷಾಮದಲ್ಲಿ ಹೇಗಿತ್ತು ಎಂದು ಅಲ್ಲಿನ ಚಿತ್ರಕಾರರು ಬರೆದಿಟ್ಟಿದ್ದಾರೆ. ಜೈನುಲ್ ಆಬೆದಿನ್, ಚಿತ್ತಪ್ರಸಾದ್ ಕಪ್ಪು ಶಾಯಿಯಲ್ಲಿ ಬಿಡಿಸಿದ ಎಲುಬಿನ ಹಂದರಗಳು ಕಲ್ಪನೆಯವಲ್ಲ. ಬರ್ಮಾದ ಅಕ್ಕಿ ನಿಂತಿತು, ಚಂಡಮಾರುತ ಬೆಳೆ ಹಾಳುಮಾಡಿತು, ಜಪಾನೀಯರಿಗೆ ಸಿಗಬಾರದೆಂದು ಸರ್ಕಾರ ದೋಣಿಗಳನ್ನು ಕಿತ್ತುಕೊಂಡಿತು, ಸೈನ್ಯಕ್ಕೂ ನಗರಕ್ಕೂ ಧಾನ್ಯ ಬಾಚಿತು, ವರ್ತಕರು ಬಚ್ಚಿಟ್ಟರು. ಇಪ್ಪತ್ತರಿಂದ ಮೂವತ್ತು ಲಕ್ಷ ಜನ ಸತ್ತರೆಂದು ಅಂದಾಜು. ಹಳ್ಳಿಗಳಿಂದ ನಡೆದು ಬಂದವರು ಕಲ್ಕತ್ತಾದ ಮನೆಗಳ ಮುಂದೆ ನಿಂತು ಅನ್ನ ಕೇಳುತ್ತಿರಲಿಲ್ಲ, ಬಸಿದ ಗಂಜಿತಿಳಿ ಕೇಳುತ್ತಿದ್ದರು. ಗ್ರ್ಯಾಂಡ್ ಹೋಟೆಲಿನ ಒಳಗೆ ಊಟವೂ ಇತ್ತು, ಕುಣಿತವೂ ಇತ್ತು. ಟೆಡ್ಡಿಯ ಕಲ್ಕತ್ತಾ ಪ್ಲೇಟುಗಳು ಈ ವರ್ಷಗಳವು. ಅವನ್ನು ಕೇಳುವಾಗ ನನಗೆ ಈ ಸಂಗತಿಯನ್ನು ಬದಿಗಿಡಲು ಆಗುವುದಿಲ್ಲ. ಅದಕ್ಕಾಗಿ ಅವನನ್ನು ದೂರಲೂ ಆಗುವುದಿಲ್ಲ.

ಅಮೆರಿಕದ ಸೈನ್ಯ ಕಲ್ಕತ್ತಾಕ್ಕೆ ಬಂದಾಗ ತನ್ನ ಬಣ್ಣಭೇದವನ್ನೂ ಹೊತ್ತು ತಂದಿತು. ಕರಿಯ ಸೈನಿಕರಿಗೆ ಪ್ರತ್ಯೇಕ ತುಕಡಿ, ಪ್ರತ್ಯೇಕ ಕ್ಲಬ್ಬು. ಅಸ್ಸಾಮಿನ ಲೆಡೊದಿಂದ ಬರ್ಮಾ ಕಾಡಿನೊಳಗೆ ರಸ್ತೆ ಕಡಿದ 15,000 ಅಮೆರಿಕನ್ ಸೈನಿಕರಲ್ಲಿ ನೂರಕ್ಕೆ ಅರವತ್ತು ಮಂದಿ ಕರಿಯರು. ರಜೆ ಸಿಕ್ಕಾಗ ಕಲ್ಕತ್ತಾಕ್ಕೆ ಬಂದವರಿಗೆ ಅಲ್ಲಿ ತಮ್ಮವನೊಬ್ಬ ಪ್ರಸಿದ್ಧ ಹೋಟೆಲಿನಲ್ಲಿ ತಂಡದ ನಾಯಕನಾಗಿ ಕಾಣಸಿಗುತ್ತಿದ್ದ. ಸೈನ್ಯದಲ್ಲಿದ್ದ ಪಾಲ್ ಗೊನ್ಸಾಲ್ವಿಸ್ ಎಂಬ ಸ್ಯಾಕ್ಸೊಫೋನ್ ವಾದಕ ಟೆಡ್ಡಿಯನ್ನು ಕಂಡು ಜೊತೆಗೆ ನುಡಿಸಿದ. ಹೆಸರು ಕೇಳಿ ಗೋವೆಯವನೆಂದುಕೊಳ್ಳಬೇಡಿ, ಅವನ ಮನೆಯವರು ಆಫ್ರಿಕಾದ ಕೇಪ್ ವರ್ಡೆ ದ್ವೀಪಗಳ ಮೂಲದವರು. 1956ರ ನ್ಯೂಪೋರ್ಟ್ ಉತ್ಸವದಲ್ಲಿ ಎಲಿಂಗ್ಟನ್‌ನ ವೃಂದದೊಂದಿಗೆ 27 ಆವರ್ತ ಬಿಡದೆ ನುಡಿಸಿ ಜನರನ್ನು ಕುರ್ಚಿಗಳ ಮೇಲೆ ಎದ್ದು ನಿಲ್ಲಿಸಿದವನು ಇವನೇ.

1945ರ ಏಪ್ರಿಲ್ 25ರಂದು ಟೆಡ್ಡಿ ಕಾಲರಾದಿಂದ ತೀರಿಕೊಂಡ. ವಯಸ್ಸು 41. ಎರಡು ವಾರದೊಳಗೆ ಜರ್ಮನಿ ಶರಣಾಯಿತು. ಆಗಸ್ಟಿನಲ್ಲಿ ಜಪಾನ್. ಸೈನಿಕರು ಹಡಗು ಹತ್ತಿದರು, ಎರಡು ವರ್ಷದಲ್ಲಿ ಅವರ ಹಿಂದೆ ಸಾಮ್ರಾಜ್ಯವೂ ಹೊರಟಿತು. ಶಾಂಘಾಯಿಯ ನೃತ್ಯಶಾಲೆಗಳು 1949ರ ಕ್ರಾಂತಿಯ ನಂತರ ಒಂದೊಂದಾಗಿ ಮುಚ್ಚಿದವು. ಟೆಡ್ಡಿ ದೊರೆಯಾಗಿದ್ದ ರಾಜ್ಯ ಅವನು ಸತ್ತ ನಾಲ್ಕೈದು ವರ್ಷದಲ್ಲಿ ನಕಾಶೆಯಿಂದಲೇ ಹೋಯಿತು.

ಜಾಝ್ ಚರಿತ್ರೆ ಬರೆದವರು ಹೆಚ್ಚಾಗಿ ಪ್ಲೇಟು ಕೇಳಿ ಬರೆದವರು. ಸರಿಯಾದ ವರ್ಷದಲ್ಲಿ ಸರಿಯಾದ ಊರಿನ ಮುದ್ರಣ ಕೋಣೆಯಲ್ಲಿ ಇದ್ದವನು ಉಳಿದ, ಇಲ್ಲದವನು ಅಳಿದ. 1927ರಿಂದ 1936ರವರೆಗೆ, ತನ್ನ ಕೈ ಅತ್ಯಂತ ಬಲವಾಗಿದ್ದ ಹತ್ತು ವರ್ಷ ಟೆಡ್ಡಿ ಏಷ್ಯಾದ ಕುಣಿತದ ನೆಲಗಳಲ್ಲಿ ನುಡಿಸಿದ. ಪನಾಸಿಯೆಯಂಥ ವಿಮರ್ಶಕರ ಕೈಯಲ್ಲಿ ಆ ಹತ್ತು ವರ್ಷಕ್ಕೆ ಪ್ಲೇಟಿನ ಸಾಕ್ಷಿ ಇರಲಿಲ್ಲ. ಆದರೆ ಸಾಕ್ಷಿ ಪ್ಲೇಟುಗಳಲ್ಲಷ್ಟೇ ಇರುತ್ತದೆಯೇ? ಫ್ರ್ಯಾಂಕ್ ಫೆರ್ನಾಂಡ್ ಹಿಂದಿ ಚಿತ್ರಗಳ ವಾದ್ಯಗೋಷ್ಠಿಗೆ ಸೇರಿ ಸಂಯೋಜಕರಿಗೆ ಸಹಾಯಕರಾದರು, 1963ರಲ್ಲಿ ‘ಆಮ್ಚೆಂ ನಶೀಬ್’ ಎಂಬ ಕೊಂಕಣಿ ಚಿತ್ರ ನಿರ್ಮಿಸಿದರು. ಅಲ್ಡೋನಾ ಊರಿನ ಆಂಟೋನಿಯೊ ಜೇವಿಯರ್ ವಾಜ್, ‘ಚಿಕ್ ಚಾಕಲೇಟ್’ ಎಂಬ ಹೆಸರಿನಲ್ಲಿ ತಾಜ್‌ನಲ್ಲಿ ಆರ್ಮ್‌ಸ್ಟ್ರಾಂಗನ ಧಾಟಿಯಲ್ಲಿ ಟ್ರಂಪೆಟ್ ಊದಿ, ಹಗಲಲ್ಲಿ ಚಿತ್ರಸಂಗೀತ ನಿರ್ದೇಶಕ ಸಿ. ರಾಮಚಂದ್ರ ಅವರ ಸಹಾಯಕನಾಗಿ ದುಡಿದ. 1951ರ ‘ಅಲ್ಬೇಲಾ’ ನೋಡಿದವರು ಅವನ ತಂಡವನ್ನು ಪರದೆಯ ಮೇಲೂ ಕಂಡಿದ್ದಾರೆ.

ಕಲ್ಕತ್ತಾದಲ್ಲಿ ಜಾಝ್ ಚೌರಂಗಿಯಿಂದ ಪಾರ್ಕ್ ಸ್ಟ್ರೀಟಿಗೆ ಸರಿಯಿತು. ಟ್ರಿಂಕಾಸ್, ಮೊಕ್ಯಾಂಬೊ ಎಂಬ ರೆಸ್ಟೊರೆಂಟುಗಳ ಕಾಲ. 1940ರ ದಶಕದಲ್ಲಿ ಕಲ್ಕತ್ತಾದ ಪಾಶ್ಚಾತ್ಯ ವೃಂದವೊಂದಕ್ಕೆ ಸೇರಿದ ನೇಪಾಳಿ ಟ್ರಂಪೆಟ್ ವಾದಕ ಪುಷ್ಕರ್ ಬಹಾದೂರ್ ತನ್ನ ಹೆಸರನ್ನು ಜಾರ್ಜ್ ಬ್ಯಾಂಕ್ಸ್ ಎಂದು ಬದಲಿಸಿಕೊಂಡ. ಮಗನಿಗೆ ಇಟ್ಟದ್ದು ಲೂಯಿ ಆರ್ಮ್‌ಸ್ಟ್ರಾಂಗನ ಹೆಸರನ್ನು. ಆ ಮಗ ಲೂಯಿ ಬ್ಯಾಂಕ್ಸ್ ಪಿಯಾನೊ ಹಿಡಿದರು. 1980ರ ದಶಕದಲ್ಲಿ ಅವರು ಕಟ್ಟಿದ ‘ಸಂಗಮ್’ ತಂಡದಲ್ಲಿ ಹಾಡಿದವರು ನಮ್ಮ ಬೆಂಗಳೂರಿನ ಆರ್.ಎ. ರಾಮಮಣಿ.